ನಮ್ಮವನು, ಅವರವನು

ಮುಷ್ಟಿಕಾಳಗವನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತು ಆಡಬಯಸುತ್ತೇನೆ. ಇಬ್ಬರು ಮನುಷ್ಯರು ಹೊಡೆದಾಡುವುದನ್ನು ಸಾವಿರಾರು ಜನ ದುಡ್ಡು ಕೊಟ್ಟು ನೋಡುತ್ತಾರೆ. ಇದರಲ್ಲಿ ಚಿಂತನೆಗೆ ಯೋಗ್ಯವಾದದ್ದು ಏನಿದೆ ಎಂದು ನೀವು ಕೇಳಬಹುದು. ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ನನ್ನ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿರುವುದು ಹೊಡೆದಾಟಕ್ಕಿಂತ ಹೆಚ್ಚಾಗಿ, ಅದಕ್ಕೆ ಮುಂಚೆ ಹಗ್ಗದ ಹೊರಗೆ ನಿಂತವರು ಆಡುವ ಮಾತು. ಒಂದು ಏಟನ್ನೂ ತಿನ್ನದೆ, ಒಂದು ಏಟನ್ನೂ ಕೊಡದೆ, ಯಾರು ಗೆಲ್ಲಬೇಕು, ಯಾಕೆ ಗೆಲ್ಲಬೇಕು ಎಂದು ಹಗಲಿರುಳು ವಾದಿಸುವ ಅಭಿಮಾನಿಗಳ ಮಾತು. ಅವರು ನನಗೂ ನಿಮಗೂ ತೀರ ಹತ್ತಿರದವರು ಎಂದು ನನಗೆ ಅನ್ನಿಸಿದೆ.

ಅದರಲ್ಲಿಯೂ ಒಮ್ಮೆ ಸೆಣಸಿದ ಇಬ್ಬರು ಎರಡನೆಯ ಸಲ ಎದುರಾಗಲಿದ್ದಾರೆ ಎಂಬ ಸುದ್ದಿ ಬಂದಾಗ ಏಳುವ ಚರ್ಚೆಗೆ ಬೇರೆಯದೇ ಕಾವು ಇರುತ್ತದೆ. ಮೊದಲ ಕಾಳಗಕ್ಕೆ ಮುಂಚೆ ಎಲ್ಲವೂ ಬರಿಯ ಊಹೆ. ಮರುಪಂದ್ಯಕ್ಕೆ ಮುಂಚೆ ಹಾಗಲ್ಲ. ನಡೆದದ್ದೇನು ಎಂಬುದನ್ನು ಎಲ್ಲರೂ ಕಂಡಿದ್ದಾರೆ. ಸಾಕ್ಷ್ಯವೊಂದು ಎರಡು ಪಕ್ಷಗಳ ಮುಂದೆಯೂ ಇದೆ. ಆದರೂ ಒಬ್ಬ ಅದರಿಂದ "ಸೋತವನು ಮತ್ತೆ ಸೋಲುತ್ತಾನೆ" ಎಂದು ತೀರ್ಮಾನಿಸುತ್ತಾನೆ. ಇನ್ನೊಬ್ಬ "ಸೋತವನು ಈಗ ಪಾಠ ಕಲಿತಿದ್ದಾನೆ" ಎನ್ನುತ್ತಾನೆ. ಸಾಕ್ಷ್ಯ ಒಂದೇ ಆಗಿದ್ದು ತೀರ್ಪು ಮಾತ್ರ ಎರಡಾದಾಗ, ಆ ತೀರ್ಪು ಎಲ್ಲಿಂದ ಬಂತು? ನೋಡಿದ ಕಣ್ಣಿನಿಂದಲೇ, ಅಥವಾ ನೋಡುವ ಮೊದಲೇ ಸಿದ್ಧವಾಗಿದ್ದ ಮನಸ್ಸಿನಿಂದಲೇ? ಈ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ದೊಡ್ಡ ದೃಷ್ಟಾಂತವಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುವೆ, ತಾಳ್ಮೆಯಿಂದ ಕೇಳಿ.

1936ರ ಜೂನ್ 19ರ ರಾತ್ರಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಜೋ ಲೂಯಿಸ್ ಮತ್ತು ಮ್ಯಾಕ್ಸ್ ಷ್ಮೆಲಿಂಗ್ ಎಂಬ ಇಬ್ಬರು ಹೆವಿವೇಯ್ಟ್ ಬಾಕ್ಸರುಗಳು ಮೊದಲ ಬಾರಿಗೆ ಎದುರಾದರು. ಲೂಯಿಸನಿಗೆ ಆಗ 22 ವರ್ಷ. ಅಮೆರಿಕದ ದಕ್ಷಿಣದ ಅಲಬಾಮ ರಾಜ್ಯದಲ್ಲಿ, ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕಪ್ಪು ಜನಾಂಗದ ಬಡ ಕುಟುಂಬವೊಂದರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಡೆಟ್ರಾಯಿಟ್ ನಗರಕ್ಕೆ ಬಂದವನು. ಮಗ ಪಿಟೀಲು ಕಲಿಯಲಿ ಎಂದು ತಾಯಿ ಕೊಟ್ಟ ಹಣವನ್ನು ಆತ ಬಾಕ್ಸಿಂಗ್ ಕಲಿಯಲು ಬಳಸಿದನಂತೆ. ವೃತ್ತಿಗೆ ಇಳಿದ ಮೇಲೆ ಅಂದಿನವರೆಗೆ ಆತ ಸೋಲನ್ನೇ ಕಂಡಿರಲಿಲ್ಲ. ಷ್ಮೆಲಿಂಗನಿಗೆ 30 ವರ್ಷ. ಜರ್ಮನಿಯವನು, 1930ರಿಂದ 1932ರವರೆಗೆ ವಿಶ್ವ ಚಾಂಪಿಯನ್ ಆಗಿದ್ದು, ಅವನ ಕಾಲ ಮುಗಿಯಿತೆಂದು ಹಲವರು ಬರೆದುಬಿಟ್ಟಿದ್ದವನು. ಲೂಯಿಸ್ ಕೆಲವೇ ಸುತ್ತುಗಳಲ್ಲಿ ಈ ವಯಸ್ಸಾದವನನ್ನು ಮುಗಿಸುತ್ತಾನೆ ಎಂಬುದು ಬಹುಮಂದಿಯ ನಂಬಿಕೆಯಾಗಿತ್ತು.

ಷ್ಮೆಲಿಂಗ್ ಮಾತ್ರ ಲೂಯಿಸನ ಹಳೆಯ ಕಾಳಗಗಳ ಚಲನಚಿತ್ರಗಳನ್ನು ಮತ್ತೆ ಮತ್ತೆ ನೋಡಿದ್ದ. ತಾನು ಏನನ್ನೋ ಕಂಡಿರುವೆನೆಂದು ಪತ್ರಕರ್ತರಿಗೆ ಸೂಚ್ಯವಾಗಿ ಹೇಳಿಯೂ ಇದ್ದ. ಆತ ಕಂಡದ್ದು ಇಷ್ಟೇ: ಎಡಗೈಯಿಂದ ನೇರವಾಗಿ ಹೊಡೆದ ಬಳಿಕ ಲೂಯಿಸ್ ಆ ಕೈಯನ್ನು ಮುಖದೆತ್ತರಕ್ಕೆ ಹಿಂದಕ್ಕೆ ತರದೆ ಒಂದಿಷ್ಟು ಕೆಳಗಿಳಿಸುತ್ತಿದ್ದ. ಆ ಒಂದು ಕ್ಷಣ ಅವನ ಎಡಗೆನ್ನೆ ಕಾವಲಿಲ್ಲದ ಬಾಗಿಲಿನಂತೆ ತೆರೆದಿರುತ್ತಿತ್ತು. ಷ್ಮೆಲಿಂಗ್ ತನ್ನ ಬಲಗೈಯನ್ನು ಆ ಕ್ಷಣಕ್ಕಾಗಿಯೇ ಕಾಯಿಸಿ ಇಟ್ಟುಕೊಂಡಿದ್ದ. ನಾಲ್ಕನೆಯ ಸುತ್ತಿನಲ್ಲಿ ಲೂಯಿಸ್ ನೆಲಕ್ಕೆ ಬಿದ್ದ, ಎದ್ದರೂ ಚೇತರಿಸಿಕೊಳ್ಳಲಿಲ್ಲ. ಹನ್ನೆರಡನೆಯ ಸುತ್ತಿನಲ್ಲಿ ಬಿದ್ದವನು ರೆಫರಿ ಹತ್ತು ಎಣಿಸಿದರೂ ಏಳಲಿಲ್ಲ. ಅಂದು ರಾತ್ರಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ದೊಡ್ಡ ದೊಡ್ಡ ಗಂಡಸರು ಬೀದಿಯಲ್ಲಿ ಮಕ್ಕಳಂತೆ ಅಳುತ್ತಿದ್ದುದನ್ನು ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ಪ್ರಸಿದ್ಧ ಕವಿ ನೆನಪಿಸಿಕೊಂಡಿದ್ದಾನೆ. ಅತ್ತ ಷ್ಮೆಲಿಂಗ್ ಹಿಂಡೆನ್‌ಬರ್ಗ್ ಆಕಾಶನೌಕೆಯಲ್ಲಿ ತಾಯ್ನಾಡಿಗೆ ಮರಳಿ ಹಿಟ್ಲರನ ಅತಿಥಿಯಾದ. ಆ ಕಾಳಗದ ಚಿತ್ರವನ್ನು ಜರ್ಮನಿಯ ಚಿತ್ರಮಂದಿರಗಳಲ್ಲಿ "ಜರ್ಮನ್ ವಿಜಯ" ಎಂದು ಸಾರಿ ತೋರಿಸಲಾಯಿತು.

ಮರುವರ್ಷ, 1937ರ ಜೂನ್ 22ರಂದು, ಲೂಯಿಸ್ ಷಿಕಾಗೊದಲ್ಲಿ ಜೇಮ್ಸ್ ಬ್ರಾಡಕ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಆದರೆ ಷ್ಮೆಲಿಂಗನನ್ನು ಸೋಲಿಸುವವರೆಗೆ ತನ್ನನ್ನು ಚಾಂಪಿಯನ್ ಎಂದು ಕರೆಯಬೇಡಿ ಎಂದುಬಿಟ್ಟ. ಅತ್ತ ಬ್ರಾಡಕ್‌ನೊಡನೆ ಸೆಣಸಲು ಒಪ್ಪಂದವಾಗಿದ್ದವನು ತಾನು, ತನ್ನನ್ನು ಬದಿಗೊತ್ತಿ ತಾನೇ ಸೋಲಿಸಿದವನಿಗೆ ಅವಕಾಶ ಕೊಟ್ಟರು ಎಂಬ ಕೊರಗು ಷ್ಮೆಲಿಂಗನದು. ಹೀಗೆ ಇಬ್ಬರಿಗೂ ಒಂದು ಬಾಕಿ ಉಳಿದಿತ್ತು. ಮರುಪಂದ್ಯ 1938ರ ಜೂನ್ 22ಕ್ಕೆ ಗೊತ್ತಾಯಿತು. ಸ್ಥಳ ಮತ್ತೆ ಅದೇ ಯಾಂಕೀ ಸ್ಟೇಡಿಯಂ.

ಈಗ ಅಭಿಮಾನಿಗಳ ವಾದವನ್ನು ಕೇಳಿ. ಮೊದಲಿಗೆ ಅದು ಕ್ರೀಡೆಯ ವಾದವೇ ಆಗಿತ್ತು. ಲೂಯಿಸನ ಎಡಗೈಯ ದೋಷ ತಿದ್ದಿಹೋಗಿದೆಯೇ, ಇಲ್ಲವೇ? ಅವನ ತರಬೇತುದಾರ ಜ್ಯಾಕ್ ಬ್ಲ್ಯಾಕ್‌ಬರ್ನ್ ನುರಿತವನು, ತಿದ್ದದೆ ಬಿಟ್ಟಾನೆಯೇ ಎಂದರು ಕೆಲವರು. ಹುಟ್ಟುಗುಣ ಸುಟ್ಟರೂ ಹೋಗದು, ಏಟು ಬಿದ್ದ ಕೂಡಲೇ ಹಳೆಯ ಚಾಳಿ ಹಿಂದಿರುಗುತ್ತದೆ ಎಂದರು ಇನ್ನು ಕೆಲವರು. ಮೊದಲ ಕಾಳಗಕ್ಕೆ ಮುಂಚೆ ಲೂಯಿಸ್ ಹೊಸದಾಗಿ ಗಾಲ್ಫ್ ಆಟಕ್ಕೆ ಮರುಳಾಗಿ ಅಭ್ಯಾಸವನ್ನು ಕಡೆಗಣಿಸಿದ್ದ, ಈ ಸಲ ಹಾಗಿಲ್ಲ ಎಂದರು ಒಬ್ಬರು. ಷ್ಮೆಲಿಂಗನಿಗೆ ಈಗ 32 ವರ್ಷ, ಹೆವಿವೇಯ್ಟ್ ಬಾಕ್ಸರಿಗೆ ಎರಡು ವರ್ಷವೆಂದರೆ ಅಲ್ಪಕಾಲವಲ್ಲ ಎಂದರು ಮತ್ತೊಬ್ಬರು. ಒಮ್ಮೆ ತನ್ನನ್ನು ನೆಲಕ್ಕೆ ಕೆಡವಿದವನ ಕಣ್ಣನ್ನು ಮತ್ತೆ ನೋಡುವಾಗ ಎದೆ ನಡುಗದಿರುತ್ತದೆಯೇ ಎಂಬುದು ಬಹಳ ಮಂದಿಯ ಪ್ರಶ್ನೆ. ಇವೆಲ್ಲ ಒಳ್ಳೆಯ ವಾದಗಳೇ. ಅಡಿಕೆ ಜಗಿಯುತ್ತ ಕಂಬಳದ ಕೋಣಗಳನ್ನೋ ಯಕ್ಷಗಾನದ ಭಾಗವತರನ್ನೋ ತೂಗಿ ನೋಡುವ ನಮ್ಮ ಕರಾವಳಿಯ ರಸಿಕರಿಗೂ ಇಂಥ ಮಾತಿನ ರುಚಿ ಗೊತ್ತು.

ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಜರ್ಮನಿಯಲ್ಲಿ 1935ರಲ್ಲಿಯೇ ನ್ಯೂರೆಂಬರ್ಗ್ ಕಾನೂನುಗಳು ಯೆಹೂದಿಯರ ಪೌರತ್ವವನ್ನು ಕಿತ್ತುಕೊಂಡಿದ್ದವು. 1938ರ ಮಾರ್ಚಿಯಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ನುಂಗಿತ್ತು. ಹೀಗಿರುವಾಗ ಷ್ಮೆಲಿಂಗನ ಬಲಗೈ ಬರಿಯ ಬಲಗೈಯಾಗಿ ಉಳಿಯುವುದು ಹೇಗೆ? ಅದು ನಾತ್ಸಿಗಳ ಬಲಗೈಯಾಯಿತು. ಅವನ ಸಂಪಾದನೆ ಹಿಟ್ಲರನ ಬೊಕ್ಕಸಕ್ಕೆ ಹೋಗುತ್ತದೆ, ಆದ್ದರಿಂದ ಪಂದ್ಯವನ್ನೇ ಬಹಿಷ್ಕರಿಸಬೇಕೆಂದು ನಾತ್ಸಿ ವಿರೋಧಿ ಸಂಘಟನೆಗಳು ಪಟ್ಟುಹಿಡಿದವು. ಬಹಿಷ್ಕಾರವೇಕೆ, ಲೂಯಿಸ್ ಅವನನ್ನು ಎಲ್ಲರೆದುರು ಕೆಡವಿದರೆ ಆರ್ಯ ಶ್ರೇಷ್ಠತೆಯ ಸುಳ್ಳೂ ಜೊತೆಗೆ ಬೀಳುತ್ತದಲ್ಲ ಎಂದರು ಬೇರೆಯವರು. ಅಮೆರಿಕದ ಕಪ್ಪು ಜನಾಂಗಕ್ಕೆ ಲೂಯಿಸನ ಗೆಲುವು ತಮ್ಮ ಮಾನದ ಪ್ರಶ್ನೆಯಾಗಿತ್ತು. ಅದೇ ಅಮೆರಿಕದಲ್ಲಿ, ವಿಶೇಷವಾಗಿ ದಕ್ಷಿಣದಲ್ಲಿ, ತಮ್ಮ ದೇಶದ ಕಪ್ಪು ಚಾಂಪಿಯನ್ನನಿಗಿಂತ ಪರದೇಶದ ಬಿಳಿಯನೇ ಗೆಲ್ಲಲಿ ಎಂದು ಹಾರೈಸಿದ ಬಿಳಿಯರಿದ್ದರು. ಜರ್ಮನಿಯ ಪತ್ರಿಕೆಗಳಿಗಂತೂ ಇದು ಜನಾಂಗಗಳ ಕಾಳಗವೇ ಸರಿ.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಹಗ್ಗದ ಒಳಗೆ ನಿಲ್ಲಲಿದ್ದವರು ಇಬ್ಬರೇ ಮನುಷ್ಯರು. ಹಗ್ಗದ ಹೊರಗಿನವರು ಆ ಇಬ್ಬರ ಹೆಗಲಿಗೆ ಹೊರಿಸಿದ್ದು ಎರಡು ದೇಶ, ಎರಡು ಬಣ್ಣ, ಎರಡು ಲೋಕಗಳ ಭಾರ. ಹೊರಿಸುವಾಗ ಆ ಹೆಗಲುಗಳು ಎಂಥವು ಎಂದು ಕೇಳಿದವರು ಎಷ್ಟು ಮಂದಿ?

ಲೂಯಿಸ್ ಸ್ವಾತಂತ್ರ್ಯದ ನಾಡಿನ ಪ್ರತಿನಿಧಿ ಎಂದರು. ಆದರೆ ಅದೇ 1938ರ ಆರಂಭದಲ್ಲಿ, ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ತಡೆಯಲು ತಂದ ಮಸೂದೆಯೊಂದನ್ನು ದಕ್ಷಿಣದ ಸೆನೆಟರುಗಳು ವಾರಗಟ್ಟಲೆ ಭಾಷಣಮಾಡಿ ಮುಳುಗಿಸಿದ್ದರು. 1915ರಲ್ಲಿ ಜ್ಯಾಕ್ ಜಾನ್ಸನ್ ಪಟ್ಟ ಕಳೆದುಕೊಂಡ ಮೇಲೆ 22 ವರ್ಷ ಯಾವ ಕಪ್ಪು ಬಾಕ್ಸರನಿಗೂ ಹೆವಿವೇಯ್ಟ್ ಪಟ್ಟಕ್ಕಾಗಿ ಸೆಣಸುವ ಅವಕಾಶವನ್ನೇ ಕೊಟ್ಟಿರಲಿಲ್ಲ. ಲೂಯಿಸನ ವ್ಯವಸ್ಥಾಪಕರು ಅವನಿಗೆ ಕಟ್ಟಳೆಗಳನ್ನು ವಿಧಿಸಿದ್ದರು: ಬಿಳಿಯ ಹೆಂಗಸಿನೊಡನೆ ಫೋಟೋ ತೆಗೆಸಿಕೊಳ್ಳಬಾರದು, ಬಿದ್ದ ಎದುರಾಳಿಯ ಮುಂದೆ ಹಿಗ್ಗಬಾರದು. ಗೆದ್ದಾಗ ನಗುವುದಕ್ಕೂ ಅಪ್ಪಣೆ ಬೇಕಾಗಿದ್ದವನನ್ನು ಅವನ ದೇಶ ತನ್ನ ಸ್ವಾತಂತ್ರ್ಯದ ಬಾವುಟವಾಗಿ ಎತ್ತಿ ಹಿಡಿಯಿತು.

ಷ್ಮೆಲಿಂಗ್ ನಾತ್ಸಿಗಳ ಪ್ರತಿನಿಧಿ ಎಂದರು. ಅವನು ಹಿಟ್ಲರನೊಡನೆ ಕುಳಿತು ಉಂಡದ್ದು ನಿಜ. ಬರ್ಲಿನ್ ಒಲಿಂಪಿಕ್ಸಿಗೆ ಬರುವ ಅಮೆರಿಕದ ಕ್ರೀಡಾಪಟುಗಳಿಗೆ ತೊಂದರೆಯಾಗದು ಎಂಬ ಭರವಸೆಯನ್ನು ಅಮೆರಿಕಕ್ಕೆ ಹೊತ್ತು ತಂದದ್ದೂ ನಿಜ. ಆ ಸರಕಾರಕ್ಕೆ ಅವನಿಂದ ಲಾಭವಾಯಿತು, ಅವನಿಗೂ ಅದರಿಂದ ಲಾಭವಾಯಿತು, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವನು ನಾತ್ಸಿ ಪಕ್ಷವನ್ನು ಸೇರಲಿಲ್ಲ. ಅವನ ಅಮೆರಿಕದ ವ್ಯವಸ್ಥಾಪಕ ಜೋ ಜೇಕಬ್ಸ್ ಯೆಹೂದಿ. ಅವನನ್ನು ಬಿಟ್ಟುಬಿಡು ಎಂಬ ಒತ್ತಡ ಬಂದಾಗಲೂ ಷ್ಮೆಲಿಂಗ್ ಬಿಡಲಿಲ್ಲ. ಈ ಸಂಗತಿ ಆ ಕಾಲದಲ್ಲಿಯೂ ಗುಟ್ಟಾಗಿರಲಿಲ್ಲ. ಆದರೆ ವಾದಕ್ಕೆ ಅದು ಅನುಕೂಲವಾಗಿರಲಿಲ್ಲ. ಹಾಗಾಗಿ ವಾದದೊಳಗೆ ಅದಕ್ಕೆ ತಕ್ಕ ಜಾಗ ಸಿಗಲಿಲ್ಲ.

ಆ ರಾತ್ರಿ ಸುಮಾರು 70,000 ಜನ ಕ್ರೀಡಾಂಗಣದಲ್ಲಿ ಸೇರಿದರು. ಟಿಕೇಟಿನ ಹಣವೇ ಹತ್ತು ಲಕ್ಷ ಡಾಲರನ್ನು ಮೀರಿತು. ಕೋಟ್ಯಂತರ ಜನ ರೇಡಿಯೋಗೆ ಕಿವಿಗೊಟ್ಟು ಕುಳಿತರು. ಎರಡು ವರ್ಷ ಬೆಳೆದ ವಾದ ಇತ್ಯರ್ಥವಾದದ್ದು ಎರಡು ನಿಮಿಷ ನಾಲ್ಕು ಸೆಕೆಂಡುಗಳಲ್ಲಿ. ಲೂಯಿಸ್ ಗಂಟೆ ಬಾರಿಸಿದ ಕೂಡಲೇ ಮುನ್ನುಗ್ಗಿದ. ಷ್ಮೆಲಿಂಗ್ ಹಗ್ಗಕ್ಕೆ ಒರಗಿ ತಿರುಗಿದಾಗ ಅವನ ಪಕ್ಕೆಗೆ ಬಿದ್ದ ಒಂದು ಏಟಿಗೆ ಅವನು ಕಿರುಚಿದ್ದು ಹತ್ತಿರ ಕುಳಿತವರಿಗೆಲ್ಲ ಕೇಳಿಸಿತು. ಮತ್ತೆ ಮತ್ತೆ ನೆಲಕ್ಕೆ ಬಿದ್ದ. ಅವನ ಕಡೆಯವರು ಸೋಲೊಪ್ಪಿ ರಿಂಗಿನೊಳಕ್ಕೆ ಟವೆಲು ಎಸೆದರು. ರೆಫರಿ ಕಾಳಗವನ್ನು ನಿಲ್ಲಿಸಿದ. ಬೆನ್ನೆಲುಬಿಗೆ ಪೆಟ್ಟಾಗಿ ಷ್ಮೆಲಿಂಗ್ ಹಲವು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಆ ರಾತ್ರಿ ರೇಡಿಯೋ ಕೇಳಿದವರಲ್ಲಿ ಜಾರ್ಜಿಯ ರಾಜ್ಯದ ಹಳ್ಳಿಯೊಂದರ 13 ವರ್ಷದ ಹುಡುಗನೂ ಇದ್ದ. ಮುಂದೆ 1977ರಲ್ಲಿ ಅಮೆರಿಕದ ಅಧ್ಯಕ್ಷನಾದ ಜಿಮ್ಮಿ ಕಾರ್ಟರ್ ಅವನೇ. ಅವರ ನೆನಪಿನಂತೆ, ಜಮೀನಿನಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ನೆರೆಯವರು ಕಾಳಗದ ವರದಿಯನ್ನು ಕೇಳಬಹುದೇ ಎಂದು ಅವರ ತಂದೆಯನ್ನು ಕೇಳಿಕೊಂಡರು. ತಂದೆ ರೇಡಿಯೋವನ್ನು ಕಿಟಕಿಯಲ್ಲಿಟ್ಟರು. ಅವರು ಅಂಗಳದಲ್ಲಿ ನಿಂತು ಕೇಳಿದರು. ಲೂಯಿಸ್ ಗೆದ್ದ. ತಂದೆಗೆ ಅದು ಹಿಡಿಸಲಿಲ್ಲ. ಅಂಗಳದಲ್ಲಿ ನಿಂತವರು ತುಟಿ ಬಿಚ್ಚದೆ, ಯಜಮಾನನಿಗೆ ವಿನಯದಿಂದ ಕೃತಜ್ಞತೆ ಹೇಳಿ, ರೈಲುಹಳಿಯನ್ನು ದಾಟಿ ತಮ್ಮ ಮನೆಯೊಂದನ್ನು ಹೊಕ್ಕು ಬಾಗಿಲು ಮುಚ್ಚಿಕೊಂಡರು. ಆಮೇಲೆ ಆ ಮನೆಯಿಂದ ಎದ್ದ ಸಂತಸದ ಕೂಗು ರಾತ್ರಿಯೆಲ್ಲ ನಿಲ್ಲಲಿಲ್ಲವಂತೆ. ಈ ಪ್ರಸಂಗವನ್ನು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಅಭಿಮಾನಿಗಳ ವಾದವೆಂದರೆ ಬರಿಯ ಹುಚ್ಚು ಎಂದು ತಳ್ಳಿಹಾಕುವವರು ಆ ಮುಚ್ಚಿದ ಬಾಗಿಲನ್ನು ನೆನೆಯಬೇಕು. ಬೇರೆಲ್ಲಿಯೂ ಗೆಲ್ಲಲು ಅವಕಾಶವಿಲ್ಲದವರಿಗೆ ತಮ್ಮವನೊಬ್ಬನ ಗೆಲುವು ಅನ್ನದಷ್ಟೇ ಅಗತ್ಯವಾಗಿತ್ತು. "ನಮ್ಮವನು" ಎಂಬ ಮಾತಿನಲ್ಲಿ ಪ್ರೀತಿಯಿದೆ, ನೋವಿದೆ, ನ್ಯಾಯದ ಹಸಿವಿದೆ. ಅದನ್ನು ನಾನು ಹೀಗಳೆಯಲಾರೆ.

ನನ್ನ ಚಿಂತೆ ಆ ಮಾತಿನ ಇನ್ನೊಂದು ಅರ್ಧವನ್ನು ಕುರಿತದ್ದು: "ಅವರವನು". ಈ ಪದ ಬಾಯಿಗೆ ಬಂದೊಡನೆ ಎದುರಿಗಿರುವವನು ಮನುಷ್ಯನಾಗಿ ಕಾಣುವುದು ನಿಂತುಹೋಗುತ್ತದೆ.

ಮರುಪಂದ್ಯ ಮುಗಿದು ಐದು ತಿಂಗಳಾಗಿರಲಿಲ್ಲ. 1938ರ ನವೆಂಬರ್ 9ರ ರಾತ್ರಿ ಜರ್ಮನಿಯಾದ್ಯಂತ ಯೆಹೂದಿಯರ ಸಭಾಮಂದಿರಗಳಿಗೆ ಬೆಂಕಿ ಬಿತ್ತು. ಅಂಗಡಿಗಳ ಗಾಜು ಬೀದಿಯ ತುಂಬ ಚೆಲ್ಲಿತು. ಆ ದಿನಗಳಲ್ಲಿ ಬರ್ಲಿನಿನ ಯೆಹೂದಿ ವ್ಯಾಪಾರಿಯೊಬ್ಬ ತನ್ನ ಇಬ್ಬರು ಹದಿಹರೆಯದ ಮಕ್ಕಳನ್ನು ಕಾಪಾಡೆಂದು ಗೆಳೆಯನೊಬ್ಬನನ್ನು ಬೇಡಿಕೊಂಡ. ಆ ಗೆಳೆಯ ಮಕ್ಕಳನ್ನು ತಾನು ತಂಗಿದ್ದ ಹೋಟೆಲಿನ ಕೋಣೆಗಳಲ್ಲಿ ಅಡಗಿಸಿಟ್ಟು, ತನಗೆ ಮೈ ಸರಿಯಿಲ್ಲ, ಯಾರನ್ನೂ ಒಳಗೆ ಬಿಡಬೇಡಿ ಎಂದು ಹೋಟೆಲಿನವರಿಗೆ ಹೇಳಿ, ಅಪಾಯ ತಗ್ಗುವವರೆಗೆ ಕಾದ. ಆ ಗೆಳೆಯ ಮ್ಯಾಕ್ಸ್ ಷ್ಮೆಲಿಂಗ್. ಅಭಿಮಾನಿಗಳ ವಾದದಲ್ಲಿ ನಾತ್ಸಿಗಳ ಬಲಗೈ ಎನಿಸಿಕೊಂಡ ಅದೇ ಕೈ ಆ ಬಾಗಿಲನ್ನು ತೆರೆಯಿತು. ಇದನ್ನು ಅವನು ಯಾರೊಡನೆಯೂ ಹೇಳಿಕೊಳ್ಳಲಿಲ್ಲ. ಅರ್ಧ ಶತಮಾನದ ಬಳಿಕ, 1989ರಲ್ಲಿ, ಉಳಿದುಕೊಂಡ ಆ ಸಹೋದರರಲ್ಲಿ ಒಬ್ಬರು ಹೇಳಿದ ಮೇಲೆಯೇ ಲೋಕಕ್ಕೆ ತಿಳಿದದ್ದು.

ಮುಂದೊಮ್ಮೆ ಷ್ಮೆಲಿಂಗ್, ಆ ಕಾಳಗದಲ್ಲಿ ಸೋತದ್ದೇ ಒಳ್ಳೆಯದಾಯಿತೆಂದು ಈಗ ಅನ್ನಿಸುತ್ತದೆ ಎಂದು ಹೇಳಿದನು. ಗೆದ್ದು ಹಿಂದಿರುಗಿದ್ದರೆ ನಾತ್ಸಿಗಳು ತನ್ನನ್ನು ತಮ್ಮ ವೀರನನ್ನಾಗಿ ಮೆರೆಸುತ್ತಿದ್ದರು, ಯುದ್ಧ ಮುಗಿದ ಮೇಲೆ ತಾನು ಅಪರಾಧಿಗಳ ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು ಎಂಬುದು ಅವನ ಮಾತಿನ ತಾತ್ಪರ್ಯ. ಗೆಲುವಿನಲ್ಲಿ ಯಾವ ಕೇಡು ಅಡಗಿರುತ್ತದೆ, ಸೋಲಿನಲ್ಲಿ ಯಾವ ಬಿಡುಗಡೆ ಅಡಗಿರುತ್ತದೆ ಎಂಬುದು ಪಂದ್ಯದ ಮುಂಚಿನ ಯಾವ ಚರ್ಚೆಗೂ ನಿಲುಕದ ವಿಷಯ.

ಇಂಥ ವಾದದ ಸಣ್ಣ ರೂಪವೊಂದನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. 1975ರಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಮನಿಲಾದಲ್ಲಿ ಮೂರನೆಯ ಬಾರಿ ಸೆಣಸಲಿದ್ದಾಗ ನಮ್ಮೂರಿನ ಕ್ಷೌರದಂಗಡಿಯ ಬೆಂಚಿನಲ್ಲಿ ದಿನವೂ ಅದೇ ಮಾತು. ಅಲ್ಲಿ ಸೇರುತ್ತಿದ್ದವರಲ್ಲಿ ಒಬ್ಬರು ದರ್ಜಿ, ಒಬ್ಬರು ಅಂಚೆಯವರು. ದರ್ಜಿ ಅಲಿಯ ಪಕ್ಷ, ಅಂಚೆಯವರು ಫ್ರೇಜಿಯರನ ಪಕ್ಷ. ಇಬ್ಬರೂ ಜೀವಮಾನದಲ್ಲಿ ಒಂದು ಬಾಕ್ಸಿಂಗ್ ಪಂದ್ಯವನ್ನೂ ನೋಡಿದವರಲ್ಲ; ಪತ್ರಿಕೆಯ ನಾಲ್ಕು ಸಾಲು, ರೇಡಿಯೋದ ಎರಡು ವಾಕ್ಯ, ಇಷ್ಟೇ ಅವರ ಆಧಾರ. ಆದರೂ ಪಂದ್ಯದ ಸುದ್ದಿ ಬಂದ ದಿನ ಆಡಿದ ಒಂದು ಮಾತಿಗೆ ಒಬ್ಬರು ಎದ್ದು ಹೋದವರು, ಕ್ರಿಸ್ಮಸ್ ಕಳೆಯುವವರೆಗೆ ಇನ್ನೊಬ್ಬರ ಮುಖ ನೋಡಲಿಲ್ಲ. ಅಂಚೆಯವರು ದರ್ಜಿಯ ಮನೆಯ ಕಾಗದವನ್ನು ಕೈಗೆ ಕೊಡದೆ ಜಗಲಿಯಲ್ಲಿ ಕಲ್ಲಿನ ಕೆಳಗೆ ಇಟ್ಟು ಹೋಗುತ್ತಿದ್ದುದು ನನಗಿನ್ನೂ ನೆನಪಿದೆ. ಮನಿಲಾ ಎಲ್ಲಿ, ನಮ್ಮೂರಿನ ಜಗಲಿ ಎಲ್ಲಿ!

ಆ ಅಲಿ ಮತ್ತು ಫ್ರೇಜಿಯರರ ಕಥೆ ಇನ್ನಷ್ಟು ನೋವಿನದು. ಸೇನೆಗೆ ಸೇರಲು ನಿರಾಕರಿಸಿ ಅಲಿ ಆಟದಿಂದ ಹೊರಗಾಗಿದ್ದ ದಿನಗಳಲ್ಲಿ ಅವನಿಗೆ ಮತ್ತೆ ಅವಕಾಶ ಸಿಗಲೆಂದು ದನಿಗೂಡಿಸಿದವರಲ್ಲಿ ಫ್ರೇಜಿಯರ್ ಒಬ್ಬ. ಆದರೆ ಪಂದ್ಯಗಳಿಗೆ ಮುಂಚೆ ಅಲಿ ಅವನನ್ನು ಬಿಳಿಯರ ಗುಲಾಮನೆಂದ, ಗೊರಿಲ್ಲಾ ಎಂದ. ದಕ್ಷಿಣ ಕ್ಯಾರೊಲಿನದ ಹೊಲದಲ್ಲಿ ಬಡತನದಲ್ಲಿ ಬೆಳೆದ ಫ್ರೇಜಿಯರ್ ಒಮ್ಮಿಂದೊಮ್ಮೆ ತನ್ನ ಜನರಿಗೇ "ಅವರವನು" ಆಗಿಹೋದ. ಅಭಿಮಾನಿಗಳು ಆ ಮಾತನ್ನು ಎತ್ತಿಕೊಂಡು ಊರೆಲ್ಲ ಹರಡಿದರು. 2001ರಲ್ಲಿ ಅಲಿ ಪತ್ರಿಕೆಯೊಂದರ ಮೂಲಕ ಕ್ಷಮೆ ಕೇಳಿದರೂ, ಮುಷ್ಟಿಯ ಗಾಯಗಳು ಒಣಗಿದಷ್ಟು ಬೇಗ ಮಾತಿನ ಗಾಯ ಒಣಗಲಿಲ್ಲ. ಲೂಯಿಸ್ ಮತ್ತು ಷ್ಮೆಲಿಂಗ್ ಒಬ್ಬರ ಮೇಲೊಬ್ಬರು ಇಂಥ ಮಾತನ್ನು ಎಸೆದವರಲ್ಲ. ಆ ಕೆಲಸವನ್ನು ಅವರ ಪರವಾಗಿ ಬೇರೆಯವರು ಮಾಡಿದ್ದರು. ಮುಂದೆ ಅವರಿಬ್ಬರಿಗೆ ಕೈಕುಲುಕುವುದು ಸುಲಭವಾದದ್ದು ಅದರಿಂದಲೇ ಇರಬೇಕು.

ಯುದ್ಧ ಬಂತು. ಷ್ಮೆಲಿಂಗ್ ಜರ್ಮನ್ ಪ್ಯಾರಾಷೂಟ್ ಪಡೆಯ ಸಿಪಾಯಿಯಾಗಿ 1941ರಲ್ಲಿ ಕ್ರೀಟ್ ದ್ವೀಪದ ಮೇಲಿಳಿದ. ಲೂಯಿಸ್ 1942ರ ಜನವರಿಯಲ್ಲಿ ಒಂದು ಪಂದ್ಯದ ತನ್ನ ಗಳಿಕೆಯನ್ನು ಅಮೆರಿಕದ ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟು ಭೂಸೇನೆಗೆ ಸೇರಿದ. ಆ ನೌಕಾಪಡೆ ಅಂದಿಗೆ ಕಪ್ಪು ಜನರನ್ನು ಅಡುಗೆ ಮತ್ತು ಬಡಿಸುವ ಕೆಲಸಕ್ಕಲ್ಲದೆ ಬೇರೆ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಅದೇ ವರ್ಷ ಆ ನಿಧಿಯ ಸಮಾರಂಭವೊಂದರಲ್ಲಿ ಅವನಿಂದ ಎರಡು ಮಾತು ಕೇಳಿದರು. ಮಾತಿನ ಮಲ್ಲನಲ್ಲದ ಲೂಯಿಸ್ ಎದ್ದು ನಿಂತು, ನಾವು ದೇವರ ಪಕ್ಷದಲ್ಲಿದ್ದೇವೆ, ಆದ್ದರಿಂದ ಗೆಲ್ಲುತ್ತೇವೆ ಎಂದ. ದೇವರು ನಮ್ಮ ಪಕ್ಷದಲ್ಲಿದ್ದಾನೆ ಎನ್ನುವುದು ಎಲ್ಲರ ರೂಢಿಯ ಮಾತು. ಅವನು ಅದನ್ನು ತಿರುಗಿಸಿ ಹೇಳಿದ. ಆ ಮಾತು ಸರಕಾರದ ಭಿತ್ತಿಚಿತ್ರಗಳಲ್ಲಿ ಅಚ್ಚಾಗಿ ದೇಶವೆಲ್ಲ ಹರಡಿತು.

ಈ ಚಿಕ್ಕ ವ್ಯತ್ಯಾಸವನ್ನು ಗಮನಿಸಿ. ದೇವರು ನಮ್ಮ ಪಕ್ಷದಲ್ಲಿದ್ದಾನೆ ಎಂದವನಿಗೆ ಮುಂದೆ ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ. ಅವನ ಪಕ್ಷ ಯಾವುದೋ ಅದೇ ಸರಿ. ನಾವು ದೇವರ ಪಕ್ಷದಲ್ಲಿರಬೇಕು ಎಂದವನು ಮಾತ್ರ ದಿನವೂ ತನ್ನನ್ನು ಪರೀಕ್ಷಿಸಿಕೊಳ್ಳಬೇಕಾಗುತ್ತದೆ: ನಾನು ಇಂದು ನಿಂತಿರುವ ಜಾಗ ಆ ಪಕ್ಷದಲ್ಲಿದೆಯೇ? ನ್ಯಾಯದ ಪಕ್ಷ, ಕರುಣೆಯ ಪಕ್ಷ, ಬಾಗಿಲು ತಟ್ಟಿದ ಇಬ್ಬರು ಮಕ್ಕಳ ಪಕ್ಷ. ಆ ನವೆಂಬರಿನ ದಿನಗಳಲ್ಲಿ ಬರ್ಲಿನಿನ ಹೋಟೆಲೊಂದರ ಕೋಣೆಯಲ್ಲಿ "ಅವರವನು" ಎನಿಸಿಕೊಂಡವನೊಬ್ಬ ಅಲ್ಲಿಯೇ ನಿಂತಿದ್ದ.

ಕೊನೆಗೆ ಏನಾಯಿತು? 1949ರವರೆಗೆ, ಹನ್ನೆರಡು ವರ್ಷ ಪಟ್ಟವನ್ನು ಉಳಿಸಿಕೊಂಡ ಲೂಯಿಸ್ ನಿವೃತ್ತನಾದ ಮೇಲೆ ಸಾಲದಲ್ಲಿ ಮುಳುಗಿದ. ತೆರಿಗೆಯ ಬಾಕಿ ಬಡ್ಡಿಯೊಡನೆ ಬೆಳೆದು ಹತ್ತು ಲಕ್ಷ ಡಾಲರನ್ನು ದಾಟಿತು. ಅವನನ್ನು ಬಾವುಟವಾಗಿ ಎತ್ತಿ ಹಿಡಿದಿದ್ದ ದೇಶದ ತೆರಿಗೆ ಇಲಾಖೆ ವರ್ಷಗಟ್ಟಲೆ ಅವನ ಬೆನ್ನುಹತ್ತಿತು. ಮುಪ್ಪಿನಲ್ಲಿ ಅವನು ಲಾಸ್ ವೆಗಾಸಿನ ಜೂಜಿನ ಹೋಟೆಲೊಂದರಲ್ಲಿ ಬಂದವರನ್ನು ಸ್ವಾಗತಿಸುವ ಕೆಲಸ ಮಾಡಿದ. ಷ್ಮೆಲಿಂಗನ ಬದುಕು ಬೇರೆಯ ದಾರಿ ಹಿಡಿದಿತ್ತು. ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡು, ನಲವತ್ತು ದಾಟಿದ ಮೇಲೆ ಹೊಟ್ಟೆಪಾಡಿಗಾಗಿ ಮತ್ತೆ ಕೆಲವು ಪಂದ್ಯಗಳನ್ನಾಡಿ, ಬಳಿಕ ಕೋಕಾ-ಕೋಲಾ ವ್ಯಾಪಾರದಲ್ಲಿ ಅನುಕೂಲಸ್ಥನಾದ. 1954ರಲ್ಲಿ ಅಮೆರಿಕಕ್ಕೆ ಹೋದಾಗ ತನ್ನ ಯೆಹೂದಿ ವ್ಯವಸ್ಥಾಪಕನ ಸಮಾಧಿಯ ಬಳಿ ನಿಂತು ಬಂದ. ಷಿಕಾಗೊಗೆ ಹೋಗಿ ಲೂಯಿಸನನ್ನು ಹುಡುಕಿ ಕಂಡ. ಅಲ್ಲಿಂದ ಮೊದಲಾದ ಸ್ನೇಹ ಸಾವಿನವರೆಗೆ ಉಳಿಯಿತು. 1981ರ ಏಪ್ರಿಲ್ 12ರಂದು ಲೂಯಿಸ್ ತೀರಿಕೊಂಡಾಗ ಅವನನ್ನು ಆರ್ಲಿಂಗ್ಟನ್ನಿನ ಸೈನಿಕ ಸ್ಮಶಾನದಲ್ಲಿ ಗೌರವದಿಂದ ಹೂಳಲಾಯಿತು. ಅಂತ್ಯಕ್ರಿಯೆಯ ಖರ್ಚಿಗೆ ಹಣ ನೀಡಿದವರಲ್ಲಿ ಷ್ಮೆಲಿಂಗನೂ ಒಬ್ಬ.

2005ರ ಫೆಬ್ರವರಿಯಲ್ಲಿ, 99ನೆಯ ವಯಸ್ಸಿನಲ್ಲಿ ಷ್ಮೆಲಿಂಗ್ ತೀರಿಹೋದ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿದೆ. ಬಹಳ ವರ್ಷಗಳ ನಂತರ, ಮನೆಯ ಕಿರಿಯರೊಬ್ಬರು 1938ರ ಆ ಎರಡು ನಿಮಿಷದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ಕಪ್ಪು ಬಿಳುಪಿನ, ಮಸುಕಾದ ಚಿತ್ರ. ಅದರಲ್ಲಿ ಜರ್ಮನಿಯೂ ಕಾಣಲಿಲ್ಲ, ಅಮೆರಿಕವೂ ಕಾಣಲಿಲ್ಲ. ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು ಬೀಳದಂತೆ ನಿಲ್ಲಲು ಹೆಣಗುತ್ತಿರುವ ಒಬ್ಬ ಮನುಷ್ಯ ಕಂಡ. ತನ್ನ ಮೇಲೆ ಹೊರಿಸಿದ್ದನ್ನೆಲ್ಲ ಎರಡೇ ನಿಮಿಷದಲ್ಲಿ ಇಳಿಸಿಬಿಡಬೇಕೆಂಬ ಅವಸರದಲ್ಲಿರುವ ಇನ್ನೊಬ್ಬ ಮನುಷ್ಯ ಕಂಡ. "ಇವರಿಬ್ಬರಲ್ಲಿ ನೀವು ಯಾರ ಕಡೆ?" ಎಂದು ಹುಡುಗ ಕೇಳಿದ. ಲೂಯಿಸನ ಕಡೆ ಎಂದೆ. ಆ ಅಂಗಳದಲ್ಲಿ ಮೌನವಾಗಿ ನಿಂತವರ ನೆನಪಿನಲ್ಲಿ ಬೇರೆ ಉತ್ತರ ನನ್ನಿಂದ ಸಾಧ್ಯವಿರಲಿಲ್ಲ. "ಹಾಗಾದರೆ ಸೋತವನು ಕೆಟ್ಟವನೋ?" ಎಂದು ಅವನು ಕೇಳಿದ ಮರುಪ್ರಶ್ನೆಗೆ ಮಾತ್ರ, ಮೊಬೈಲನ್ನು ಪಕ್ಕಕ್ಕಿಟ್ಟು, ಬಹಳ ಹೊತ್ತು ಕುಳಿತು ಉತ್ತರ ಹೇಳಬೇಕಾಯಿತು.

ಪ್ರಿಯ ಓದುಗರೇ, ಪಕ್ಷವೇ ಇಲ್ಲದ ಬದುಕು ಯಾರಿಗೂ ಸಾಧ್ಯವಿಲ್ಲ. ಆಟದಲ್ಲಿ, ಚುನಾವಣೆಯಲ್ಲಿ, ಊರಿನ ಸಂಘದ ಸಭೆಯಲ್ಲಿ, ಅಣ್ಣತಮ್ಮಂದಿರ ಆಸ್ತಿಯ ಪಾಲಿನಲ್ಲಿ ನಮಗೆಲ್ಲ ಒಂದಲ್ಲ ಒಂದು ಪಕ್ಷವಿರುತ್ತದೆ, ಇರಲಿ. ಅಲ್ಲಿಯೂ ಒಮ್ಮೆ ನಡೆದ ಜಗಳ ಮತ್ತೊಮ್ಮೆ ನಡೆಯಲಿರುವಾಗ ನಾವು ಹಳೆಯ ಸಾಕ್ಷ್ಯವನ್ನೆಲ್ಲ ಎದುರಿಗಿಟ್ಟುಕೊಂಡು ವಾದಕ್ಕೆ ಕೂರುತ್ತೇವೆ. ಕೂರುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ. ಎದುರು ಪಕ್ಷದವನ ಬಗ್ಗೆ ನನ್ನ ವಾದಕ್ಕೆ ಅನುಕೂಲವಲ್ಲದ ಸತ್ಯವೊಂದು ನನಗೆ ಗೊತ್ತಿದೆಯೇ? ಗೊತ್ತಿದ್ದರೆ ಅದನ್ನು ಮೊದಲು ನಾನೇ ಎತ್ತಿ ಹೇಳಬಲ್ಲೆನೇ? ಹಾಗೆ ಹೇಳಿದರೆ ನಮ್ಮ ಪಕ್ಷ ಸೋಲುವುದಿಲ್ಲ. ಮನೆಗೆ ಬಂದ ಕಾಗದವನ್ನು ಜಗಲಿಯ ಕಲ್ಲಿನ ಕೆಳಗೆ ಇಡುವ ಬದಲು ನೆರೆಯವನ ಕೈಗೇ ಕೊಡಲು ಬೇಕಾಗುವಷ್ಟು ದಾರಿ ನಮ್ಮ ನಡುವೆ ಉಳಿಯುತ್ತದೆ.